ಹೆಡ್‌ಲೈಟು ಉಜ್ಜಿದ ಏಳು ವರ್ಷ ಮತ್ತು ಹುಲುಗಪ್ಪಣ್ಣನ ಕಣ್ಣು

ತಡೀರಿ. ಕೈಯಲ್ಲಿರುವ ಟೂತ್‌ಪೇಸ್ಟಿಗೆ ಮುಚ್ಚಳ ಹಾಕಿ ಪಕ್ಕಕ್ಕಿಡಿ. ಸೀಮೆಎಣ್ಣೆ ಬಾಟಲಿ ತಂದಿದ್ದರೆ ಅದನ್ನೂ ಒಳಗಿಡಿ. ನಿಮ್ಮ ಗಾಡಿಯ ಹೆಡ್‌ಲೈಟು ಹಳದಿಯಾಗಿದೆ, ಫೋನಿನಲ್ಲಿ ಯಾರೋ ಒಂದೇ ನಿಮಿಷದಲ್ಲಿ ಅದನ್ನು ಫಳಫಳ ಮಾಡಿ ತೋರಿಸಿದ್ದಾರೆ, ನಿಮಗೂ ಕೈ ತುರಿಸುತ್ತಿದೆ. ಗೊತ್ತು. ನನಗೂ ಹಾಗೇ ತುರಿಸಿತ್ತು. ಇದನ್ನು ಪೂರ್ತಿ ಓದುವ ತನಕ ಗಾಡಿ ಮುಟ್ಟಬೇಡಿ. ಹುಲುಗಪ್ಪಣ್ಣನ ಕಣ್ಣಿನ ವಿಷಯ ಮುಂದೆ ಬರುತ್ತದೆ, ಅದಕ್ಕೆ ಕಾಯಿರಿ. ನಾನು ಬರೆಯಲು ಕೂತಿರುವುದೇ ಅದಕ್ಕಾಗಿ.

ನನ್ನ ಹೆಸರು ಮಂಜುನಾಥ. ಊರು ಹೊಸಪೇಟೆ. ಹೆಡ್‌ಲೈಟು ಉಜ್ಜುವ ಕೆಲಸದಿಂದ ನಿವೃತ್ತನಾಗಿದ್ದೇನೆ. ನಗಬೇಡಿ, ನನಗೆ ಈಗ ಮೂವತ್ತೆರಡು. ಅರವತ್ತಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬರುವ ನಿವೃತ್ತಿ ಇದಲ್ಲ. ಡಾಕ್ಟರು ನನ್ನ ಎದೆಗೆ ಸ್ಟೆತೊಸ್ಕೋಪ್ ಇಟ್ಟು, ‘ಈ ಕೆಲಸ ಬೇಕೋ, ಉಸಿರು ಬೇಕೋ, ಎರಡರಲ್ಲಿ ಒಂದು ಹೇಳು’ ಅಂದ ದಿನ ನಾನು ನಿವೃತ್ತನಾದೆ. ಒಟ್ಟು ಏಳು ವರ್ಷದ ಸರ್ವೀಸು. ಎರಡು ವರ್ಷ ಅಂಗಡಿಯಲ್ಲಿ, ಐದು ವರ್ಷ ಮನೆಯ ಮುಂದಿನ ತಗಡಿನ ಕೆಳಗೆ. ಯಾರೂ ಕಲಿಸಲಿಲ್ಲ. ಫೋನು ನೋಡಿ ಕಲಿತೆ, ಬೇರೆಯವರ ಗಾಡಿ ಕೆಡಿಸಿ ಕಲಿತೆ. ಈಗ ಊರಿಗೊಬ್ಬ ಹುಡುಗ ಫೋನು ನೋಡಿಕೊಂಡು ಇದೇ ಕೆಲಸಕ್ಕೆ ಇಳಿಯುತ್ತಿದ್ದಾನೆ. ಅವರು ನೋಡುವ ವಿಡಿಯೋಗಳಲ್ಲಿ ಏನೇನು ಹೇಳಿಲ್ಲ ಅನ್ನುವುದನ್ನು ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಮೊದಲು ಆ ಹೆಸರಿನ ಮೇಲೇ ನನಗೆ ಸಿಟ್ಟು. ನಮ್ಮ ಕಡೆ ಎಲ್ಲರೂ ಅದಕ್ಕೆ ಹೆಡ್‌ಲೈಟಿನ ಗ್ಲಾಸು ಅನ್ನುತ್ತಾರೆ. ಅದು ಗ್ಲಾಸಲ್ಲ ಸ್ವಾಮಿ, ಪ್ಲಾಸ್ಟಿಕ್ಕು. ಹಳೆಯ ಗಾಡಿಗಳಲ್ಲಿ ಗಾಜಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿದರೂ ನಡೆಯುತ್ತಿತ್ತು, ಪೇಪರಿನಲ್ಲಿ ತಿಕ್ಕಿದರೂ ನಡೆಯುತ್ತಿತ್ತು. ಪ್ಲಾಸ್ಟಿಕ್ಕು ಬಂದು ಎಷ್ಟೋ ವರ್ಷವಾಯಿತು, ನಮ್ಮ ಕೈ ಮಾತ್ರ ಇನ್ನೂ ಗಾಜಿನ ಕಾಲದಲ್ಲೇ ಇದೆ. ಈ ಪ್ಲಾಸ್ಟಿಕ್ಕಿನ ಮೇಲೆ ಕಂಪನಿಯವರು ಕಣ್ಣಿಗೆ ಕಾಣದ ಒಂದು ತೆಳು ಪದರ ಕೊಟ್ಟಿರುತ್ತಾರೆ. ಬಿಸಿಲನ್ನು ತಡೆಯುವುದು ಅದೇ. ಹೊಸಪೇಟೆಯ ಬಿಸಿಲಿಗೆ ನಾಲ್ಕೈದು ವರ್ಷದಲ್ಲಿ ಆ ಪದರ ಸುಟ್ಟು ಹಳದಿಯಾಗುತ್ತದೆ. ನೀವು ತಿಕ್ಕಿ ತೆಗೆಯುವುದು ಅದನ್ನೇ. ತೆಗೆದ ಮೇಲೆ ಹೊಸ ಪದರ ಹೊಡೆಯದೆ ಬಿಟ್ಟರೆ ಒಳಗಿನ ಬರೀ ಪ್ಲಾಸ್ಟಿಕ್ಕು ಬಿಸಿಲಿಗೆ ಬಿದ್ದ ಹಾಗೆ. ಮೂರು ತಿಂಗಳು ಕನ್ನಡಿಯ ಹಾಗೆ ಹೊಳೆಯುತ್ತದೆ. ನಾಲ್ಕನೇ ತಿಂಗಳು ಮೊದಲಿಗಿಂತ ಹೆಚ್ಚು ಮಂಕಾಗುತ್ತದೆ. ವಿಡಿಯೋದವರು ನಿಮಗೆ ನಾಲ್ಕನೇ ತಿಂಗಳನ್ನು ಯಾವತ್ತಾದರೂ ತೋರಿಸಿದ್ದಾರಾ?

ನನ್ನ ಮೊದಲ ಗಿರಾಕಿ ನಮ್ಮ ಓಣಿಯ ಆಟೋ ಖಾಸಿಂ. ಗಿರಾಕಿ ಅನ್ನುವುದಕ್ಕಿಂತ, ಸಿಕ್ಕಿಬಿದ್ದವನು ಅನ್ನಬೇಕು. ನಾನೇ ಗಂಟುಬಿದ್ದು ಅವನ ಆಟೋ ನಿಲ್ಲಿಸಿಕೊಂಡು, ಮನೆಯ ಟೂತ್‌ಪೇಸ್ಟು ಅರ್ಧ ಖಾಲಿ ಮಾಡಿ ತಿಕ್ಕಿದೆ. ಮಸ್ತಾಗಿ ಹೊಳೆಯಿತು. ಮೂರು ವಾರಕ್ಕೆ ಖಾಸಿಂ ವಾಪಸ್ಸು ಬಂದ.

‘ಏನ್ಲೇ ಮಂಜಾ, ನನ್ನ ಗಾಡಿ ಹಲ್ಲುಜ್ಜಿ ಕಳಿಸಿದೆಲ್ಲ, ಈಗ ಬಾಯಿ ವಾಸನಿ ಹೊಡ್ಯಾಕತ್ತೈತಿ ನೋಡು.’

ನೋಡಿದರೆ ಮೊದಲಿಗಿಂತ ಮಂಕು. ನಾನು ಸುಮ್ಮನಿರಲಿಲ್ಲ. ಇನ್ನೊಂದು ವಿಡಿಯೋದಲ್ಲಿ ಸೊಳ್ಳೆಗೆ ಹಚ್ಚುವ ಕ್ರೀಮು ತಿಕ್ಕಿ ತೋರಿಸಿದ್ದರು. ಅದನ್ನೂ ಹಚ್ಚಿದೆ. ತಕ್ಷಣ ಹೊಳಪು ಬಂತು. ಬರದೇ ಏನು, ಆ ಕ್ರೀಮು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಗಿಸುತ್ತದೆ! ಹದಿನೈದು ದಿನಕ್ಕೆ ಲೆನ್ಸಿನ ತುಂಬ ಜೇಡರ ಬಲೆಯಂತೆ ಬಿರುಕು. ಖಾಸಿಂ ಹೊಸ ಲೈಟು ಹಾಕಿಸಿಕೊಂಡ. ಇವತ್ತಿಗೂ ಎದುರು ಸಿಕ್ಕರೆ, ‘ಮನ್ಯಾಗ ಸೊಳ್ಳಿ ಹೆಂಗದಾವಪಾ?’ ಅಂತಲೇ ಮಾತು ಶುರು ಮಾಡುತ್ತಾನೆ.

ಆಗ ನಾನು ಬಳ್ಳಾರಿ ರಸ್ತೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿದ್ದೆ. ಮಾಲೀಕರು ಬಸವರಾಜಣ್ಣ. ದಿನಕ್ಕೆ ಇಬ್ಬರಾದರೂ ಬಂದು ‘ಗ್ಲಾಸು ಹಳದಿ ಆಗೈತಿ, ಬರೇ ಗ್ಲಾಸು ಕೊಡ್ರಿ’ ಅನ್ನುತ್ತಿದ್ದರು. ಬರೀ ಗ್ಲಾಸು ಬರುವುದಿಲ್ಲ, ಪೂರ್ತಿ ಲೈಟು ತೆಗೆದುಕೊಳ್ಳಬೇಕು ಅಂದರೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಹಾಗೆ ಹೋದವರನ್ನು ನೋಡಿಯೇ ನಾನು ಬಸವರಾಜಣ್ಣನಿಗೆ ಹೇಳಿದ್ದು: ಅಂಗಡಿಯ ಮುಂದೆ ಜಾಗ ಕೊಡಿ, ಉಜ್ಜಿ ಕೊಡುತ್ತೇನೆ ಅಂತ. ಟೂತ್‌ಪೇಸ್ಟು ಬಿಟ್ಟು ವಾಟರ್ ಪೇಪರಿಗೆ, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದಕ್ಕೆ ಬಂದಿದ್ದೆ. ಮೊದಲು ಒರಟು ಕಾಗದ, ಆಮೇಲೆ ನುಣುಪು, ಆಮೇಲೆ ಇನ್ನೂ ನುಣುಪು. ಹಳೆಯ ಪದರ ಬಿಡುವಾಗ ನೀರು ಹಳದಿ ಮಜ್ಜಿಗೆಯ ಹಾಗೆ ಇಳಿಯುತ್ತದೆ. ಅದು ಬೆಳ್ಳಗಾಗುವ ತನಕ ಉಜ್ಜಬೇಕು. ಇಷ್ಟು ಕಲಿತದ್ದಕ್ಕೇ ನಾನು ದೊಡ್ಡ ಇಂಜಿನಿಯರ್ ಆದೆ ಅಂದುಕೊಂಡಿದ್ದೆ.

ಆ ಇಂಜಿನಿಯರಿಂಗು ಇಳಿದದ್ದು ಸಂಡೂರಿನಲ್ಲಿ. ಅಲ್ಲಿ ಅದಿರು ಹೊಡೆಯುವ ಟಿಪ್ಪರಿನ ಡ್ರೈವರೊಬ್ಬರು ಕರೆದಿದ್ದರು. ಗಾಡಿಗಳು, ಮರದ ಎಲೆಗಳು, ಹೋಟೆಲಿನ ಬೋರ್ಡು ಎಲ್ಲಕ್ಕೂ ಅಲ್ಲಿ ಒಂದೇ ಬಣ್ಣ. ಹೋದವನೇ ಲೆನ್ಸಿನ ಮೇಲೆ ಒಂದು ಕೈ ಒದ್ದೆ ಬಟ್ಟೆ ಆಡಿಸಿ, ರಸ್ತೆ ಪಕ್ಕದ ತೊಟ್ಟಿಯಿಂದ ಒಂದು ಬಕೆಟ್ ನೀರು ಹಿಡಿದು ಉಜ್ಜಲು ಕೂತೆ. ಉಜ್ಜಿದಷ್ಟೂ ಗೀರು. ನುಣುಪು ಕಾಗದ ಹಿಡಿದರೂ ಬೆಕ್ಕು ಪರಚಿದ ಹಾಗೆ ಗೀರು. ಒಂದೂವರೆ ತಾಸು ಉಜ್ಜಿದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಡ್ರೈವರು ಎದ್ದು ಬಂದು, ಬಕೆಟ್ಟಿನೊಳಗೆ ಕೈ ಹಾಕಿ, ತಳದಿಂದ ಒಂದು ಹಿಡಿ ಕೆಂಪು ಮಣ್ಣು ಎತ್ತಿ ನನ್ನ ಮುಖದ ಮುಂದೆ ಹಿಡಿದರು.

‘ತಮ್ಮಾ, ನಾನು ಇದನ್ನ ಗುಡ್ಡದಿಂದ ಲೋಡ್ ಮಾಡ್ಕೊಂಡು ಒಯ್ತೀನಿ. ನೀನು ಇದನ್ನ ನನ್ನ ಗ್ಲಾಸಿಗೆ ತಿಕ್ಕಾಕತ್ತೀಯಲ್ಲೋ. ಕಬ್ಬಿಣ ಅದು, ಕಬ್ಬಿಣ!’

ನನ್ನ ಇಷ್ಟು ವರ್ಷದ ಕೆಲಸದಲ್ಲಿ ನನಗೆ ಸಿಕ್ಕ ಒಬ್ಬನೇ ಮೇಷ್ಟ್ರು ಅವರು. ಹೆಸರು ಕೇಳುವಷ್ಟು ಮುಖ ಉಳಿದಿರಲಿಲ್ಲ. ಅವತ್ತಿನಿಂದ ಮೊದಲು ಮೂರು ಸಲ ಶುದ್ಧ ನೀರು ಸುರಿದು ತೊಳೆಯದೆ ನಾನು ಯಾವ ಲೆನ್ಸಿಗೂ ಬೆರಳು ತಾಗಿಸಿಲ್ಲ. ನಮ್ಮ ಕಡೆಯ ಧೂಳು ಬೇರೆ ಊರಿನ ಧೂಳಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಬಸವರಾಜಣ್ಣನ ವಿಷಯ. ಮನುಷ್ಯ ಕೆಟ್ಟವರಲ್ಲ. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ನನ್ನ ಅವ್ವನಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಅವರ ಕಾರೇ ಬಂದಿತ್ತು. ಆದರೆ ಮೇಲೆ ಹೊಡೆಯುವ ಕೋಟಿಂಗಿನ ವಿಷಯದಲ್ಲಿ ಅವರು ನನ್ನ ಕೈ ಕಟ್ಟಿದರು. ಉಜ್ಜಿದ ಮೇಲೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು ಅನ್ನುವುದನ್ನು ಅಷ್ಟರಲ್ಲಿ ನಾನು ಓದಿಕೊಂಡಿದ್ದೆ. ಹೋಗಿ ಹೇಳಿದೆ.

‘ಒಣಗಾಕ ಎಷ್ಟೊತ್ತು ಬೇಕು?’ ಅಂದರು.

‘ನೆರಳಾಗ ಒಂದು ದಿನ ಇಡಬೇಕ್ರಿ.’

‘ಒಂದ್ ದಿನ ಅವನ ಗಾಡಿ ಇಲ್ಲೇ ನಿಲ್ಲಿಸ್ತಾನೇನು? ಅದನ್ನ ಹೊಡದ್ರ ಎಷ್ಟ್ ವರ್ಷ ಬಾಳಿಕಿ?’

‘ಎರಡು ವರ್ಷ ಏನೂ ಆಗಂಗಿಲ್ರಿ.’

‘ಮತ್ತ? ಎರಡು ವರ್ಷ ಅವನು ಈ ಕಡಿ ಹಾಯಂಗಿಲ್ಲ. ಪಾಲಿಶ್ ಮಾಡಿ ಕಳಿಸು. ಮಂಕಾತಂದ್ರ ತಾನ ಬರ್ತಾನ. ಜಲ್ದಿ ಜಲ್ದಿ ಮಾಡು, ಲೈನ್ ನಿಂತೈತಿ ನೋಡಲ್ಲಿ.’

ಲೈನು ನಿಜವಾಗಿಯೂ ನಿಂತಿತ್ತು. ಅದು ಆಯುಧ ಪೂಜೆಯ ಹಿಂದಿನ ವಾರ. ಎಲ್ಲರಿಗೂ ಗಾಡಿ ಹೊಳೆಯಬೇಕು. ನಾನು ತಲೆ ಆಡಿಸಿದೆ. ಬಸವರಾಜಣ್ಣ ಹೇಳಿದರು ಅಂತ ಇವತ್ತು ಬರೆಯುವುದು ಸುಲಭ. ಕಾಗದ ಹಿಡಿದ ಕೈ ನನ್ನದು. ಗೊತ್ತಿದ್ದೂ ಕಳಿಸಿದವನು ನಾನು.

ಆ ಲೈನಿನಲ್ಲಿ ಹುಲುಗಪ್ಪಣ್ಣನ ವ್ಯಾನೂ ಇತ್ತು.

ಹುಲುಗಪ್ಪಣ್ಣನಿಗೆ ಐವತ್ತಾರೋ ಐವತ್ತೇಳೋ ವಯಸ್ಸು. ಉಕ್ಕಿನ ಕಾರ್ಖಾನೆಗೆ ಆಳು ಕಳಿಸುವ ಪಂಪಾಪತಿ ಅನ್ನುವ ಕಂಟ್ರಾಕ್ಟರ ವ್ಯಾನು ಓಡಿಸುತ್ತಿದ್ದ. ಬೆಳಗಿನ ಆರರ ಶಿಫ್ಟಿಗೆ ಹೊಸಪೇಟೆಯಿಂದ ಹದಿಮೂರು ಜನರನ್ನು ಕೂರಿಸಿಕೊಂಡು, ಇನ್ನೂ ಕತ್ತಲಿರುವಾಗಲೇ ಹೊರಟು, ಕುರೆಕುಪ್ಪದ ಕಡೆ ಇಳಿಸಬೇಕು. ಆ ರಸ್ತೆಯಲ್ಲಿ ವ್ಯಾನಿನ ಮುಂದೆ ಲಾರಿ, ಹಿಂದೆ ಲಾರಿ. ಹುಲುಗಪ್ಪಣ್ಣನಿಗೆ ಒಂದು ಅಭ್ಯಾಸವಿತ್ತು. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಹೆಗಲ ಮೇಲಿನ ಟವೆಲ್ಲಿನಿಂದ ಎರಡೂ ಲೈಟು ಒರೆಸಿ, ಅದೇ ಟವೆಲ್ಲನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ‘ಹುಲಿಗೆಮ್ಮ ತಾಯಿ’ ಅಂದು ಹತ್ತುತ್ತಿದ್ದ. ಇಪ್ಪತ್ತು ಇಪ್ಪತ್ತೈದು ವರ್ಷ ಒಂದು ದಿನವೂ ತಪ್ಪಿಸಿದವನಲ್ಲ. ಅವತ್ತು ನಾನು ಪಾಲಿಶ್ ಮುಗಿಸಿದ ಮೇಲೂ ಹಾಗೇ ಒರೆಸಿ, ಕಣ್ಣಿಗೊತ್ತಿಕೊಂಡು, ‘ಭಾಳ ಚೊಲೊ ಮಾಡಿದೆಪಾ, ಹೊಸಾ ಗಾಡಿ ಆತು’ ಅಂದ. ನನಗೆ ಖುಷಿಯಾಗಿತ್ತು. ಆ ಖುಷಿಯನ್ನು ಈಗ ನೆನೆಸಿಕೊಂಡರೆ ನಾಚಿಕೆ.

ಹಬ್ಬ ಮುಗಿದು ಎರಡು ತಿಂಗಳಿಗೆ ನಾನು ಅಂಗಡಿ ಬಿಟ್ಟೆ. ಮನೆಯ ಮುಂದೆ ತಗಡು ಇಳಿಸಿ, ನನ್ನದೇ ಕೆಲಸ ಶುರು ಮಾಡಿದೆ. ಗಾಡಿ ಒಂದು ದಿನ ಬಿಟ್ಟು ಹೋಗುವವರದು ಮಾತ್ರ ಮಾಡುವುದು, ಕೋಟಿಂಗ್ ಇಲ್ಲದೆ ಕಳಿಸುವುದೇ ಇಲ್ಲ ಅಂತ ನಿಯಮ. ಆ ನಿಯಮದ ಬಗ್ಗೆ ನನಗೆ ಎಷ್ಟು ಗರ್ವ ಅಂದರೆ, ಅದಕ್ಕೂ ಮುಂಚೆ ಅಂಗಡಿಯಲ್ಲಿ ಕೋಟಿಂಗ್ ಇಲ್ಲದೆ ಕಳಿಸಿದ ಗಾಡಿಗಳು ನೆನಪಿಗೇ ಬರಲಿಲ್ಲ. ಎಲ್ಲರನ್ನೂ ಹುಡುಕಿ ಕರೆಯುವುದು ಆಗದ ಮಾತು ಅನ್ನಬಹುದು. ಹುಲುಗಪ್ಪಣ್ಣನ ಮನೆ ನನ್ನ ಮನೆಯಿಂದ ನಾಲ್ಕು ಓಣಿ ಆಚೆ.

ನನ್ನ ಉಸಿರಿನ ಕಥೆ ಆದದ್ದು ಅಂಗಡಿ ಬಿಟ್ಟು ಐದು ವರ್ಷ ಆದ ಮೇಲೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ. ಒಳ್ಳೆಯ ಕ್ಲಿಯರ್ ಕೋಟಿನ ಡಬ್ಬಿಯಲ್ಲಿ ಗಟ್ಟಿ ಮಾಡುವ ಇನ್ನೊಂದು ರಾಸಾಯನಿಕ ಸೇರಿಸಿರುತ್ತಾರೆ. ಅದರ ಆವಿ ಪುಪ್ಪುಸಕ್ಕೆ ವಿಷ. ಬಾಯಿಗೆ ಕರ್ಚೀಫು ಕಟ್ಟಿಕೊಂಡರೆ ಏನೂ ತಡೆಯುವುದಿಲ್ಲ. ಅದಕ್ಕೆಂದೇ ಡಬ್ಬಿ ಡಬ್ಬಿಯಂಥ ಫಿಲ್ಟರ್ ಇರುವ ಮಾಸ್ಕ್ ಬೇಕು, ಗಾಳಿಯಾಡುವ ಜಾಗ ಬೇಕು. ನಾನು ನೋಡಿದ ಯಾವ ವಿಡಿಯೋದಲ್ಲೂ ಒಬ್ಬನೇ ಒಬ್ಬ ಇದನ್ನು ಹೇಳಲಿಲ್ಲ. ಹಿಂದೆ ಹಾಡು ಹಾಕಿದ್ದರು, ಮುಂದೆ ಲೈಕ್ ಕೇಳಿದ್ದರು, ಮಾಸ್ಕಿನ ಮಾತಿಲ್ಲ. ಡಬ್ಬಿಯ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ನಾನು ಓದಲಿಲ್ಲ. ಧೂಳು ಕೂರಬಾರದೆಂದು ತಗಡಿನ ಸುತ್ತ ಪರದೆ ಕಟ್ಟಿಕೊಂಡು ಒಳಗೇ ನಿಂತು ಹೊಡೆದೆ. ಧೂಳು ಲೆನ್ಸಿಗೆ ಕೂರಲಿಲ್ಲ, ವಿಷ ನನ್ನ ಎದೆಯಲ್ಲಿ ಕೂತಿತು. ಈಗ ಮೆಟ್ಟಿಲು ಹತ್ತಿದರೆ ಸೀಟಿ ಊದಿದ ಹಾಗೆ ಕೇಳಿಸುತ್ತದೆ.

ಸರಿ, ನಾನು ಅಂಗಡಿ ಬಿಟ್ಟ ಮುಂದಿನ ವರ್ಷದ ಚಳಿಗಾಲ. ನಮ್ಮ ಓಣಿಯಲ್ಲೇ ಗಂಗಕ್ಕ ಇದ್ದಾರೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ, ಹುಲುಗಪ್ಪಣ್ಣನ ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸೀಟು ಅವರಿಗೆ ಮೀಸಲು. ಒಂದು ದಿನ ಬೆಳಿಗ್ಗೆ ನೋಡಿದರೆ ಬಲಗೈಗೆ ಮೊಣಕೈ ತನಕ ಪ್ಲಾಸ್ಟರು ಹಾಕಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಾರೆ.

‘ಏನಾತು ಗಂಗಕ್ಕ?’

‘ಏನಾಗಾದೈತಿ, ಪುಣ್ಯಾ ಇತ್ತು ಉಳಕೊಂಡ್ವಿ. ಟೈರ್ ಬರ್ಸ್ಟ್ ಆಗಿ ಲಾರಿ ನಿಂತಿತ್ತು ರೋಡಿನ ಮ್ಯಾಲ. ಲೈಟಿಲ್ಲ, ಏನಿಲ್ಲ, ನಾಕ್ ಕಲ್ಲು ಇಟ್ಟಿದ್ರಂತ. ಹುಲುಗಪ್ಪಣ್ಣಗ ಕಾಣಲೇ ಇಲ್ಲ. ನಾನು ಚೀರಿದೆ, ಅವನು ಸ್ಟೇರಿಂಗ್ ತಿರುವಿದ, ಎಡಗಡಿ ಮೂಲಿ ಹೋಗಿ ಬಡೀತು. ನನ್ನ ಕೈ ಮುರೀತು, ಉಳದೋರು ಅರಾಮದಾರ. ಪಂಪಾಪತಿ ಬಂದು ಎಲ್ಲಾರ ಮುಂದ ಬೈದ ಅವಗ. ಮುದುಕಾ, ಕಣ್ಣು ಕಾಣಂಗಿಲ್ಲ, ಮನ್ಯಾಗ ಕುಂದ್ರು ಅಂದ. ಹುಲುಗಪ್ಪಣ್ಣ ಕಿಸೆದಾಗಿನ ಚಾವಿ ತೆಗದು ಕೊಟ್ಟ, ನಡದಬಿಟ್ಟ.’

ಕಣ್ಣು ಕಾಣಂಗಿಲ್ಲ ಅನ್ನುವ ಮಾತಿಗೆ ನನಗೆ ನೆನಪಾದದ್ದು ಆಯುಧ ಪೂಜೆಯ ವಾರದ ಆ ಲೈನು.

ಅವತ್ತೇ ಅವನ ಮನೆಗೆ ಹೋದೆ. ಗ್ಯಾರೇಜಿನಿಂದ ತಂದ ವ್ಯಾನು ಮನೆಯ ಮುಂದೆಯೇ ನಿಂತಿತ್ತು. ಪಂಪಾಪತಿಗೆ ಬೇರೆ ಡ್ರೈವರು ಇನ್ನೂ ಸಿಕ್ಕಿರಲಿಲ್ಲ. ಎಡಗಡೆಯ ಲೈಟು ಪುಡಿಯಾಗಿತ್ತು, ಆ ಜಾಗಕ್ಕೆ ಹೊಸದು ಹಾಕಿದ್ದರು. ಬಲಗಡೆಯದು ಹಳೆಯದೇ. ಬಗ್ಗಿ ನೋಡಿದೆ. ಬೇಯಿಸಿದ ಮೊಟ್ಟೆಯ ಬಿಳಿ ಭಾಗದ ಹಾಗಿತ್ತು. ಒಳಗಿನ ಬಲ್ಬೇ ಕಾಣುತ್ತಿರಲಿಲ್ಲ. ಕೋಟಿಂಗ್ ಇಲ್ಲದ ಪ್ಲಾಸ್ಟಿಕ್ಕು, ಒಂದು ಪೂರ್ತಿ ಬೇಸಿಗೆ, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸಣ್ಣ ಸಣ್ಣ ಗೀರು. ಆ ಗೀರು ನನ್ನವಲ್ಲ. ಆ ರಸ್ತೆಯ ಕೆಂಪು ಧೂಳು ಕೂತ ಲೆನ್ಸನ್ನು ದಿನಾ ಒಣ ಟವೆಲ್ಲಿನಲ್ಲಿ ಒರೆಸಿದ ಗೀರು. ಸಂಡೂರಿನಲ್ಲಿ ನಾನು ಬಕೆಟ್ಟಿನಲ್ಲಿ ಮಾಡಿದ್ದನ್ನು ಹುಲುಗಪ್ಪಣ್ಣ ಭಕ್ತಿಯಿಂದ ಮಾಡಿದ್ದ. ಮೇಲಿನ ಪದರ ಇದ್ದಿದ್ದರೆ ಸ್ವಲ್ಪವಾದರೂ ತಡೆಯುತ್ತಿತ್ತು. ಅದನ್ನು ಉಜ್ಜಿ ತೆಗೆದವನು ನಾನೇ.

ಹುಲುಗಪ್ಪಣ್ಣ ಒಳಗೆ ಊಟಕ್ಕೆ ಕೂತಿದ್ದ. ತಟ್ಟೆಯಲ್ಲಿ ರೊಟ್ಟಿ, ಪಕ್ಕದಲ್ಲಿ ಒಂದು ಗುಡ್ಡೆ ನುಗ್ಗೆ ಸೊಪ್ಪಿನ ಪಲ್ಯ.

‘ಬಾಪಾ ಮಂಜಣ್ಣ, ಕುಂದ್ರು. ನುಗ್ಗಿ ಸೊಪ್ಪು ತಿಂತೀಯೇನು? ನಮ್ಮ ಮನ್ಯಾಗ ಆರ್ ತಿಂಗಳಾತು, ದಿನಾ ಇದ.’

‘ಯಾಕಣ್ಣ?’

‘ಇರುಳುಗಣ್ಣು ಬಂದೈತೆಪಾ. ಹಗಲಾಗ ಮಸ್ತ್ ಕಾಣ್ತೈತಿ, ಕತ್ತಲಾತಂದ್ರ ರೋಡ ಕಾಣಂಗಿಲ್ಲ. ಯಾರಿಗಿ ಹೇಳ್ಲಿ? ಹೇಳಿದ್ರ ಚಾವಿ ಕಸಗೊಂತಾರ. ನುಗ್ಗಿ ಸೊಪ್ಪು ತಿಂದ್ರ ಹೋಗ್ತೈತಿ ಅಂತ ತಿನ್ನಾಕತ್ತೀನಿ. ಈಗ ಚಾವೀನೂ ಹೋತು.’

ಅವನ ಹೆಂಡತಿ ಮಲ್ಲಮ್ಮ ಒಲೆಯ ಕಡೆಯಿಂದ, ‘ಕಣ್ಣಿನ ಡಾಕ್ಟರ್ ಏನೂ ಆಗಿಲ್ಲ ಅಂದ್ರಪಾ. ಇವರು ನಂಬಂಗಿಲ್ಲ. ನನಗ ಧೈರ್ಯ ಹೇಳಾಕ ಹಂಗಂದಾರ ಅಂತಾರ. ಮೊಮ್ಮಗಳನ್ನ ಸಾಲಿಗಿ ಬೈಕ್ ಮ್ಯಾಲ ಕರಕೊಂಡು ಹೋಗದನ್ನೂ ಬಿಟ್ಟಾರ’ ಅಂದರು.

ಲೈಟಿನ ವಿಷಯ ಎತ್ತದೆ ನಾನೂ ಪಲ್ಯ ಹಾಕಿಸಿಕೊಂಡು ತಿಂದು ಬಂದೆ. ಇಷ್ಟೆಲ್ಲ ಬೇರೆಯವರ ಮೇಲೆ ಹರಿಹಾಯುತ್ತಿದ್ದೇನಲ್ಲ, ಅವತ್ತು ತುತ್ತು ನುಂಗಿಕೊಂಡು ಎದ್ದು ಬಂದವನು ನಾನೇ.

ಮರುದಿನ ಗಂಗಕ್ಕನ ಹತ್ತಿರ ಹೋಗಿ ಎಲ್ಲ ಹೇಳಿದೆ. ಕೇಳಿ ಮುಗಿಸಿ ಅವರು ಪ್ಲಾಸ್ಟರಿನ ಕೈ ಎತ್ತಿ ತೋರಿಸಿದರು.

‘ಇದು ನೀ ಮಾಡಿದ್ದೇನು ಹಂಗಾರ?’

‘ಹೌದಕ್ಕ.’

‘ಬಡೀಬೇಕು ನಿನ್ನ. ಈ ಕೈಲೆ ಬರಂಗಿಲ್ಲ, ಉಳಕೊಂಡಿ. ನಡಿ, ಪಂಪಾಪತಿಗೆ ಹೇಳು. ಅವನ ಮುಂದ ಹೇಳು, ಹುಲುಗಪ್ಪಣ್ಣನ ಮುಂದ ಹೇಳು.’

ಪಂಪಾಪತಿಗೆ ಫೋನು ಮಾಡಿದರೆ, ‘ಗ್ಲಾಸಿನ ನೆಪಾ ಹೇಳಬ್ಯಾಡ್ರಿ, ಆ ಮುದುಕನ ಕಣ್ಣು ಹೋಗ್ಯಾವ, ಊರಿಗೇ ಗೊತ್ತೈತಿ’ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬ ಮನುಷ್ಯನ ಕಣ್ಣು ಹೋಗಿದೆ ಅನ್ನುವ ಮೊದಲು ಬಗ್ಗಿ ಲೈಟು ನೋಡಲು ಅರ್ಧ ನಿಮಿಷ ಬೇಡವೇ? ಗಾಡಿ ಅವರದು. ಲೈಟು ಮಂಕಾಗಿದೆಯೋ ಇಲ್ಲವೋ ನೋಡಿಕೊಳ್ಳಬೇಕಾದವರು ಅವರು. ಅಲ್ಲಿ ಕೆಟ್ಟು ನಿಂತ ಲಾರಿಯವರು ನಾಲ್ಕು ಕಲ್ಲಿಟ್ಟು ಕೈ ತೊಳೆದುಕೊಂಡರು. ಕೋಟಿಂಗ್ ಬೇಡ ಅಂದವರು ಬಸವರಾಜಣ್ಣ, ಹೂಂ ಅಂದವನು ನಾನು. ಇಷ್ಟು ಜನ ಸೇರಿ ಮಾಡಿದ ತಪ್ಪು ಕೊನೆಗೆ ಒಬ್ಬ ಡ್ರೈವರನ ಎರಡು ಕಣ್ಣಿನ ಮೇಲೆ ಹೋಗಿ ಕೂತಿತು. ಅವನೂ ಅದನ್ನು ನಂಬಿ ಸೊಪ್ಪು ತಿನ್ನುತ್ತಾ ಕೂತಿದ್ದ.

‘ನೀವು ಬಂದು ಒಂದ್ಸಲ ಡ್ರೈವರ್ ಸೀಟಿನಾಗ ಕುಂದ್ರಿ ಸಾಕು’ ಅಂದೆ. ಗಂಗಕ್ಕ ಫೋನು ಕಸಿದುಕೊಂಡು, ‘ಬರದಿದ್ರ ನಾವು ಹದಿಮೂರು ಮಂದಿ ಇನ್ನ ಮ್ಯಾಲ ಬಸ್ಸಿಗೇ ಹೋಗ್ತೀವಿ ನೋಡ್ರಿ’ ಅಂದರು. ಪಂಪಾಪತಿ ಬಂದರು.

ಸಂಜೆ, ದೀಪ ಹಚ್ಚುವ ಹೊತ್ತು ದಾಟಿ ಸ್ವಲ್ಪ ಕತ್ತಲಾಗಿತ್ತು. ಹುಲುಗಪ್ಪಣ್ಣನ ಓಣಿಯ ಕೊನೆಯಲ್ಲಿ ಹಳೆಯ ಗೋಡೌನಿನ ಗೋಡೆಯಿದೆ, ಅಲ್ಲಿ ಬೀದಿ ದೀಪವಿಲ್ಲ. ವ್ಯಾನಿನ ಮುಖ ಆ ಕಡೆ ಮಾಡಿ ನಿಲ್ಲಿಸಿದೆವು. ಹೊಸ ಲೈಟಿನ ಮೇಲೆ ಎರಡು ಪದರ ಗೋಣಿಚೀಲ ಕಟ್ಟಿದೆ. ಪಂಪಾಪತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಅವರಿಗೆ ನಲವತ್ತೂ ಆಗಿಲ್ಲ, ಕನ್ನಡಕವಿಲ್ಲ. ಲೈಟು ಹಾಕಿದೆ.

‘ಗ್ವಾಡಿ ಹತ್ರ ಏನದ ಹೇಳ್ರಿ.’

ಪಂಪಾಪತಿ ಕಣ್ಣು ಕಿರಿದು ಮಾಡಿದರು. ಮುಂದಕ್ಕೆ ಬಗ್ಗಿದರು. ಮುಂದಿನ ಗಾಜು ಒರೆಸಿದರು. ‘ಏನೈತಲ್ಲಿ? ಬರೇ ಮಂಜು ಕಂಡಂಗ ಕಾಣ್ತೈತಿ.’

‘ಯಾರರೆ ಅದಾರೇನ್ರಿ?’

‘ಯಾರೂ ಇಲ್ಲ.’

ಗೋಡೆಯ ಕಡೆಯಿಂದ ಗಂಗಕ್ಕನ ದನಿ ಬಂತು: ‘ಅಯ್ಯ, ನಾ ಇಲ್ಲೇನು? ಆಗ್ಲಿಂದ ನಿಂತೀನಿ, ಕಾಲು ನೋಯಾಕತ್ತಾವ! ಪಂಪಾಪತಿಯಾರ, ನಿಮಗೂ ನುಗ್ಗಿ ಸೊಪ್ಪು ಕಟ್ಟಿ ಕೊಡ್ಲೇನು?’

ಅಷ್ಟು ಹೊತ್ತು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಹುಲುಗಪ್ಪಣ್ಣ ಎದ್ದು ನಿಂತ. ಪಂಪಾಪತಿ ಇಳಿದು ಬಂದು ಮೊದಲ ಸಲ ಲೈಟನ್ನು ಬಗ್ಗಿ ನೋಡಿದರು. ಆಗ ನಾನು ಹೇಳಿದೆ. ಅಂಗಡಿಯಲ್ಲಿ ಉಜ್ಜಿದವನು ನಾನು, ಮೇಲೆ ಕೋಟಿಂಗ್ ಹೊಡೆಯದೆ ಕಳಿಸಿದವನು ನಾನು, ಹೊಡೆಯಬೇಕು ಅಂತ ಗೊತ್ತಿತ್ತು, ನಿನ್ನೆ ಊಟಕ್ಕೆ ಕೂತಾಗ ಹೇಳಬೇಕಿತ್ತು, ಹೇಳಲಿಲ್ಲ ಅಂತ.

ಹುಲುಗಪ್ಪಣ್ಣ ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

‘ಆರ್ ತಿಂಗಳಲೇ’ ಅಂದ. ‘ಆರ್ ತಿಂಗಳು ದಿನಾ ಬೆಳಿಗ್ಗಿ ಎದ್ದು ಮೊದಲು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡೇನಿ. ಇವತ್ತು ಕಾಣ್ತೈತೋ ಇಲ್ಲೋ ಅಂತ. ಆ ಹುಡುಗಿ ಅಜ್ಜಾ, ಗಾಡಿ ಮ್ಯಾಲ ಕರಕೊಂಡು ಹೋಗು ಅಂತ ಅತ್ರೂ ಒಯ್ಲಿಲ್ಲ. ಎಲ್ಲಿ ಕೆಡವ್ತೀನೋ ಅಂತ. ನಿನಗೇನು ಗೊತ್ತಲೇ?’

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಬೆಳಿಗ್ಗೆ ಆರು ಕೊಡ ಸಿಹಿನೀರು ತುಂಬಿಕೊಂಡು ಹೋಗಿ ಆ ಬಲಗಡೆಯ ಲೈಟಿನ ಮುಂದೆ ಕೂತೆ. ಮೂರು ಸಲ ತೊಳೆದೆ. ಸುತ್ತ ಟೇಪು ಅಂಟಿಸಿ ಬಣ್ಣ ಕೆಡದಂತೆ ಮಾಡಿದೆ. ಒರಟು ಕಾಗದದಿಂದ ಶುರು ಮಾಡಿ, ಒಂದು ಕಾಗದದ ಗೀರು ಪೂರ್ತಿ ಹೋಗುವ ತನಕ ಮುಂದಿನದನ್ನು ಮುಟ್ಟದೆ ಉಜ್ಜಿದೆ. ಮಲ್ಲಮ್ಮ ಎರಡು ಸಲ ಚಹಾ ತಂದಿಟ್ಟರು. ಹುಲುಗಪ್ಪಣ್ಣ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ಒಣಗಿಸಿ, ಒರೆಸಿ, ನೆರಳು ಮಾಡಿ, ಗಾಳಿ ನಿಂತ ಹೊತ್ತು ನೋಡಿ ಕೋಟಿಂಗ್ ಹೊಡೆದೆ. ನಾಳೆ ಸಂಜೆಯ ತನಕ ಯಾರೂ ಮುಟ್ಟಬಾರದು ಅಂದೆ.

ಮರುದಿನ ಸಂಜೆ ಮತ್ತೆ ಅದೇ ಓಣಿ, ಅದೇ ಗೋಡೆ. ಹೊಸ ಲೈಟಿಗೆ ಗೋಣಿಚೀಲ ಕಟ್ಟಿಯೇ ಇತ್ತು. ಹುಲುಗಪ್ಪಣ್ಣ ಸೀಟಿಗೆ ಹತ್ತಲು ಒಪ್ಪಲಿಲ್ಲ. ‘ಕಾಣದಿದ್ರ?’ ಅಂದ. ಆ ಒಂದು ಪದವನ್ನು ಅವನು ಅಂದ ರೀತಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಮಲ್ಲಮ್ಮ ಭುಜ ಹಿಡಿದು ಹತ್ತಿಸಿದರು. ಲೈಟು ಹಾಕಿದ.

ಪಂಪಾಪತಿ ಬಾಯಿ ತೆರೆಯುವಷ್ಟರಲ್ಲಿ ಹುಲುಗಪ್ಪಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

‘ಏ ಗಂಗವ್ವ! ಎಲಿ ಅಡಿಕಿ ಉಗುಳಿ ನಿಂದ್ರು, ಪ್ಲಾಸ್ಟರ್ ಮ್ಯಾಲ ಸೋರಾಕತ್ತೈತಿ!’

ಓಣಿಯೆಲ್ಲ ನಕ್ಕಿತು. ಹುಲುಗಪ್ಪಣ್ಣ ಮಾತ್ರ ನಗಲಿಲ್ಲ. ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಸುಮಾರು ಹೊತ್ತು ಹಾಗೇ ಕೂತ. ಪಂಪಾಪತಿ ಕ್ಷಮೆ ಗಿಮೆ ಏನೂ ಕೇಳಲಿಲ್ಲ. ‘ನಾಳಿ ಟೈಮಿಗೆ ಬಾ’ ಅಂದು ಹೋದರು. ಅದಕ್ಕೂ ನನಗೆ ಸಿಟ್ಟೇ. ಎಲ್ಲರ ಮುಂದೆ ಬೈದವರು ಎಲ್ಲರ ಮುಂದೆಯೇ ಒಂದು ಮಾತು ಹೇಳಬೇಕಿತ್ತು. ಬಸವರಾಜಣ್ಣನ ಅಂಗಡಿಗೂ ಹೋಗಿ ಹೇಳಿದೆ. ‘ಹಂಗೇನು, ಪಾಪ’ ಅಂದರು. ಅಂಗಡಿಯ ಮುಂದೆ ಬೇರೆ ಯಾರೋ ಪಾಲಿಶ್ ಮಾಡುತ್ತಿದ್ದರು. ಕ್ಲಿಯರ್ ಕೋಟಿನ ಡಬ್ಬಿ ಅಲ್ಲೆಲ್ಲೂ ಕಾಣಲಿಲ್ಲ.

ಹುಲುಗಪ್ಪಣ್ಣ ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ಒಂದು ಬೆಳಗಿನ ಜಾವ ನಾನೇ ಎದ್ದು ಅವನ ಮನೆಯ ಮುಂದೆ ಹೋಗಿ ನಿಂತೆ. ಟವೆಲ್ಲಿನ ವಿಷಯ ಹೇಳುವುದು ಬಾಕಿ ಇತ್ತು. ಧೂಳು ಹೇಗೆ ಗೀರುತ್ತದೆ ಅಂತ ಹೇಳಿದೆ. ದೇವರಿಗೆ ಮಾಡುವುದನ್ನು ಬಿಡು ಅನ್ನಲು ನಾನ್ಯಾರು ಅಂದುಕೊಂಡೇ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಳಗೆ ಹೋದ. ಇವನು ಇನ್ನು ಮಾತಾಡುವುದಿಲ್ಲ ಅಂದುಕೊಂಡು ತಿರುಗಿದೆ. ಹಿಂದೆ ನೀರಿನ ಸದ್ದು ಕೇಳಿಸಿತು. ಚೊಂಬಿನಿಂದ ಲೈಟಿನ ಮೇಲೆ ನೀರು ಸುರಿಯುತ್ತಿದ್ದ. ಕೆಂಪು ಇಳಿದು ಹೋಗುವ ತನಕ ಸುರಿದ. ಆಮೇಲೆ ಮೆತ್ತಗೆ ಟವೆಲ್ಲು ಒತ್ತಿದ, ಅದನ್ನು ಕಣ್ಣಿಗೊತ್ತಿಕೊಂಡ.

‘ಇಷ್ಟಾದ್ರ ಸಾಕಲ್ಲ?’ ಅಂದ.

‘ಸಾಕಣ್ಣ’ ಅಂದೆ.

ಈಗಲೂ ಅದೇ ಪದ್ಧತಿ. ಎರಡು ವರ್ಷಕ್ಕೊಮ್ಮೆ ಆ ಲೈಟಿಗೆ ನಾನೇ ಕೋಟಿಂಗ್ ಹೊಡೆದುಕೊಟ್ಟೆ, ಉಸಿರು ಕೈಕೊಡುವ ತನಕ. ಕೊನೆಯ ಸಲ ಅವನೇ ನನ್ನನ್ನು ದೂರ ನಿಲ್ಲಿಸಿ, ಮಾಸ್ಕ್ ಹಾಕಿಕೊಂಡು, ನಾನು ಹೇಳಿದ ಹಾಗೆ ತಾನೇ ಹೊಡೆದ. ನನಗಿಂತ ಚೆನ್ನಾಗಿ ಹೊಡೆದ.

ನಾನು ಕೇಳುವುದು ಇಷ್ಟು. ನಿಮ್ಮ ಮನೆಯಲ್ಲೂ ಕತ್ತಲಾದ ಮೇಲೆ ಗಾಡಿ ಓಡಿಸುವುದನ್ನು ಸದ್ದಿಲ್ಲದೆ ಬಿಟ್ಟವರು ಒಬ್ಬರು ಇರಬಹುದು. ಅಪ್ಪನೋ, ಮಾವನೋ, ಪಕ್ಕದ ಮನೆಯ ಆಟೋದವರೋ. ವಯಸ್ಸಾಯಿತು ಬಿಡು ಅಂತ ನೀವೂ ಅಂದಿರಬಹುದು. ಕಣ್ಣಿನ ಡಾಕ್ಟರ ಹತ್ತಿರ ಖಂಡಿತ ಕರೆದುಕೊಂಡು ಹೋಗಿ. ಅದರ ಜೊತೆಗೆ ಇವತ್ತು ಸಂಜೆ ಅವರ ಗಾಡಿಯನ್ನು ಒಂದು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಗೋಡೆಯ ಹತ್ತಿರ ಯಾರನ್ನಾದರೂ ನಿಲ್ಲಿಸಿ, ಅವರ ಸೀಟಿನಲ್ಲಿ ನೀವು ಕೂತು ಲೈಟು ಹಾಕಿ ನೋಡಿ. ಅಲ್ಲಿ ನಿಂತವರು ನಿಮಗೆ ಕಂಡರೋ ಇಲ್ಲವೋ, ಇದರ ಕೆಳಗೆ ಬರೆಯಿರಿ.